ದಂಡಿನ ಆಟ, ಊರಿನ ಬಯಲು

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ಹೋಟೆಲುಗಳಲ್ಲಿ ಆಟಪಾಟದ ಮಾತು ಬಂದಾಗಲೆಲ್ಲ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಒಂದು ಪಕ್ಷದವರು ಹೇಳುವುದು ಹೀಗೆ: ಕ್ರಿಕೆಟ್ಟು ಬಿಳಿಯರ ದಂಡಿನ ಜೊತೆಗೆ ಬಂದ ಆಟ, ದಂಡು ಹೋಯಿತು, ಅದರ ಎಂಜಲು ಉಳಿಯಿತು, ನಮ್ಮ ಚಿನ್ನಿದಾಂಡು, ಲಗೋರಿ, ಕಬಡ್ಡಿ ಎಲ್ಲವನ್ನೂ ಅದು ನುಂಗಿ ನೀರು ಕುಡಿಯಿತು, ಈ ಮಣ್ಣಿನದು ಎಂದು ಹೇಳಿಕೊಳ್ಳಲು ಉಳಿದಿರುವುದು ಜೋಡೆತ್ತಿನ ಗಾಡಿಯ ಓಟವೊಂದೇ. ಇನ್ನೊಂದು ಪಕ್ಷದವರ ವಾದ ಬೇರೆ: ಆಟಕ್ಕೆ ದೇಶವಿಲ್ಲ, ಗುಣವಿದೆ, ಒಳ್ಳೆಯ ಆಟ ತನ್ನ ಗುಣದಿಂದಲೇ ಲೋಕವನ್ನು ಗೆಲ್ಲುತ್ತದೆ, ಸೋತ ಆಟ ಸೋಲತಕ್ಕದ್ದೇ ಆಗಿತ್ತು. ಮೊದಲನೆಯವರದು ಅಭಿಮಾನದ ಮಾತು, ಎರಡನೆಯವರದು ವಿವೇಕದ ಮಾತು ಎಂದು ಕೇಳಿದವರಿಗೆ ತೋರುತ್ತದೆ. ನನಗಾದರೋ ಎರಡೂ ಸುಳ್ಳೆಂದು ತೋರುತ್ತವೆ. ಬರಿಯ ಸುಳ್ಳಾಗಿದ್ದರೆ ಚಿಂತೆಯಿರಲಿಲ್ಲ. ಹೋಟೆಲಿನ ಸುಳ್ಳಿಗೆ ಒಂದು ಲೋಟ ಕಾಫಿಯಷ್ಟೇ ಆಯುಸ್ಸು. ಆದರೆ ಈ ಜಗಳದ ಗದ್ದಲದ ನಡುವೆ ಮೂರನೆಯ ಸಂಗತಿಯೊಂದು ಸದ್ದಿಲ್ಲದೆ ನಡೆದುಹೋಗುತ್ತಿದೆ: ಮಕ್ಕಳು ಆಡುವ ಬಯಲು ಹೋಗುತ್ತಿದೆ. ಯಾವ ಆಟ ನಮ್ಮದು, ಯಾವುದು ಪರರದು ಎಂಬ ತೀರ್ಮಾನವಾಗುವ ಹೊತ್ತಿಗೆ ಆಡಲು ಜಾಗವೇ ಇಲ್ಲದಿದ್ದರೆ, ಗೆದ್ದ ಪಕ್ಷ ತಾನೇ ಎಲ್ಲಿ ಆಡೀತು?

ಆಟ ದಂಡಿನ ಬೆನ್ನು ಹತ್ತಿ ಹೋಗುತ್ತದೆ ಎಂಬ ಮಾತಿಗೆ ಲೋಕದಲ್ಲೆಲ್ಲ ಕೊಡುವ ದೊಡ್ಡ ಸಾಕ್ಷಿ ಅಮೆರಿಕದವರ ಬೇಸ್‌ಬಾಲ್. ಅದನ್ನು ನೋಡದವರಿಗಾಗಿ ಒಂದು ಮಾತು: ಅದು ನಮ್ಮ ಕ್ರಿಕೆಟ್ಟಿನ ದಾಯಾದಿ. ದಾಂಡು ಉರುಟಾದದ್ದು, ಚೆಂಡು ನೆಲಕ್ಕೆ ಬಡಿಯದೆ ನೇರವಾಗಿ ಬರುತ್ತದೆ, ಹೊಡೆದವನು ಎದುರುಬದುರಾಗಿ ಓಡದೆ ನಾಲ್ಕು ಮೂಲೆಗಳನ್ನು ಸುತ್ತಿ ಬರಬೇಕು. ೧೮೯೮ರಲ್ಲಿ ಸ್ಪೇನಿನವರನ್ನು ಸೋಲಿಸಿ ಅಮೆರಿಕದ ಸೈನ್ಯ ಫಿಲಿಪೈನ್ಸ್ ದ್ವೀಪಗಳಿಗೆ ಇಳಿದಾಗ ಈ ಆಟವೂ ಇಳಿಯಿತು. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಅವರ ನೌಕಾಪಡೆಯ ಸೈನಿಕರು ೧೯೧೨ರಿಂದ ೧೯೩೩ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಬೀಡುಬಿಟ್ಟಿದ್ದರು. ಇಂದು ಆ ದೇಶದ ಮೆಚ್ಚಿನ ಆಟ ಬೇಸ್‌ಬಾಲ್. ಇಟಲಿಯ ನೆಟ್ಟೂನೋ ಎಂಬ ಕಡಲತೀರದ ಊರಿನ ಬಳಿ ೧೯೪೪ರ ಜನವರಿಯಲ್ಲಿ ಮಿತ್ರಸೈನ್ಯ ದಡ ಹತ್ತಿತು. ಸಾವಿರಾರು ಅಮೆರಿಕನ್ ಸೈನಿಕರ ಗೋರಿಗಳು ಅಲ್ಲಿವೆ. ಬದುಕಿ ಉಳಿದವರು ಅಲ್ಲಿನ ಹುಡುಗರಿಗೆ ಚೆಂಡು ಹೊಡೆಯುವುದನ್ನು ಕಲಿಸಿದರು. ಕಾಲ್ಚೆಂಡಿಗಾಗಿ ಪ್ರಾಣ ಬಿಡುವ ಇಟಲಿಯಲ್ಲಿ ಆ ಒಂದು ಊರು ಮಾತ್ರ ಬೇಸ್‌ಬಾಲಿನ ತೌರುಮನೆಯಾಯಿತು.

ಇಷ್ಟನ್ನೇ ಕೇಳಿ ನಮ್ಮ ಮೊದಲನೆಯ ಪಕ್ಷದವರು ಎದ್ದು ಚಪ್ಪಾಳೆ ತಟ್ಟಿಬಿಡುತ್ತಾರೆ. ಸ್ವಲ್ಪ ತಾಳಬೇಕು. ಬೇಸ್‌ಬಾಲ್ ಅತಿ ಆಳವಾಗಿ ಬೇರುಬಿಟ್ಟ ದೇಶಗಳು ಎರಡು, ಕ್ಯೂಬಾ ಮತ್ತು ಜಪಾನು. ಈ ಎರಡಕ್ಕೂ ಆಟವನ್ನು ಕೊಂಡೊಯ್ದದ್ದು ದಂಡಲ್ಲ. ಕ್ಯೂಬಾದ ಹುಡುಗರು ೧೮೬೦ರ ದಶಕದಲ್ಲಿ ಓದಲು ಅಮೆರಿಕಕ್ಕೆ ಹೋಗಿ, ಬರುವಾಗ ದಾಂಡು ಚೆಂಡುಗಳನ್ನು ಪೆಟ್ಟಿಗೆಯಲ್ಲಿ ತಂದರು. ಆಗ ಆ ದ್ವೀಪವನ್ನು ಆಳುತ್ತಿದ್ದ ಸ್ಪೇನಿನವರಿಗೆ ಇದು ಹಿಡಿಸಲಿಲ್ಲ. ತಮ್ಮ ಗೂಳಿಕಾಳಗವನ್ನು ಬಿಟ್ಟು ಯುವಕರು ಈ ಆಟದ ಹೆಸರಿನಲ್ಲಿ ಗುಂಪುಗೂಡುವುದು ರಾಜದ್ರೋಹದ ವಾಸನೆಯಾಗಿ ಅವರಿಗೆ ಕಂಡಿತು, ಆಟವನ್ನು ನಿಷೇಧಿಸಿದರು. ನಿಷೇಧಿಸಿದ್ದರಿಂದಲೇ ಅದು ಸ್ವಾತಂತ್ರ್ಯದ ಗುರುತಾಯಿತು. ಜಪಾನಿಗೆ ಆಟವನ್ನು ಕಲಿಸಿದವನು ಹೊರೇಸ್ ವಿಲ್ಸನ್ ಎಂಬ ಉಪಾಧ್ಯಾಯ, ೧೮೭೨ರಲ್ಲಿ, ತನ್ನ ಶಾಲೆಯ ಹುಡುಗರಿಗೆ. ಯೊಕೊಹಾಮದಲ್ಲಿದ್ದ ಅಮೆರಿಕನ್ನರ ಕ್ಲಬ್ಬು ಜಪಾನೀ ಹುಡುಗರೊಡನೆ ಆಡುವುದನ್ನು ಬಹುಕಾಲ ಒಪ್ಪಲಿಲ್ಲ. ಕೊನೆಗೆ ೧೮೯೬ರಲ್ಲಿ ಒಪ್ಪಿ ಆಡಿದಾಗ ತೋಕ್ಯೋವಿನ ಪ್ರಥಮ ಪ್ರೌಢವಿದ್ಯಾಲಯದ ಹುಡುಗರು ೨೯ಕ್ಕೆ ೪ರಂತೆ ಅವರನ್ನು ಬಡಿದುಹಾಕಿದರು. ಅಂದಿನಿಂದ ಆ ಆಟ ಜಪಾನಿನದು. ಮಹಾಯುದ್ಧದ ಕಾಲದಲ್ಲಿ ಆಟದೊಳಗಿನ ಇಂಗ್ಲಿಷ್ ಶಬ್ದಗಳನ್ನೆಲ್ಲ ತೆಗೆದುಹಾಕಿ ಜಪಾನೀ ಶಬ್ದಗಳನ್ನು ಇಟ್ಟರೇ ಹೊರತು ಆಟವನ್ನು ಶತ್ರುವಿನದೆಂದು ಬಿಸಾಡಲಿಲ್ಲ.

ಇನ್ನು ದಂಡು ಬಹುಕಾಲ ಇದ್ದೂ ಆಟ ನಿಲ್ಲದ ಕಡೆ ನೋಡೋಣ. ಫಿಲಿಪೈನ್ಸ್ ದ್ವೀಪಗಳಲ್ಲಿ ಅಮೆರಿಕದ ದೊಡ್ಡ ಸೈನಿಕ ನೆಲೆಗಳು ೧೯೯೧-೯೨ರವರೆಗೂ ಇದ್ದವು, ಅಂದರೆ ಸುಮಾರು ತೊಂಬತ್ತು ವರ್ಷಗಳಿಗೂ ಮಿಕ್ಕಿ. ಸೈನಿಕರು ಆಡಿದರು, ಶಾಲೆಗಳಲ್ಲಿ ಕಲಿಸಿದರು. ಆದರೂ ಇಂದು ಆ ದೇಶದ ಗಲ್ಲಿಗಲ್ಲಿಗಳಲ್ಲಿ ಕಾಣುವುದು ಬೇಸ್‌ಬಾಲಲ್ಲ, ಬಾಸ್ಕೆಟ್‌ಬಾಲ್. ಅದೂ ಅಮೆರಿಕದ್ದೇ. ಹಾಗಾದರೆ ಒಂದೇ ದಂಡು ತಂದ ಎರಡು ಆಟಗಳಲ್ಲಿ ಒಂದು ಹೋಗಿ ಒಂದು ಏಕೆ ಉಳಿಯಿತು? ಬೇಸ್‌ಬಾಲಿಗೆ ವಿಶಾಲವಾದ ಬಯಲು ಬೇಕು, ಸಾಮಾನು ಸರಂಜಾಮು ಬೇಕು. ಬಾಸ್ಕೆಟ್‌ಬಾಲಿಗಾದರೋ ಒಂದು ಚೆಂಡು, ತೆಂಗಿನ ಮರಕ್ಕೋ ಗೋಡೆಗೋ ಬಡಿದ ಒಂದು ಬಳೆ, ಮನೆಯ ಮುಂದಿನ ಹಿಡಿಯಷ್ಟು ಜಾಗ ಸಾಕು. ಕಾರಣ ಇದೊಂದೇ ಎಂದು ನಾನು ಹೇಳುವುದಿಲ್ಲ. ಆದರೆ ಈ ಕಾರಣವನ್ನು ಬಿಟ್ಟು ಹೇಳಿದ ಕಥೆ ಕುಂಟುವುದು ನಿಶ್ಚಯ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬೆಂಗಳೂರಿನಲ್ಲೇ ಅಮೆರಿಕದ ಸೈನ್ಯದ ನೆಲೆಯೊಂದಿತ್ತು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ೧೯೪೩ರಲ್ಲಿ ಅಮೆರಿಕದ ವಾಯುಪಡೆಯ ವಶಕ್ಕೆ ಹೋಯಿತು. ಯುದ್ಧ ಮುಗಿಯುವವರೆಗೂ ಅವರ ವಿಮಾನಗಳು ಅಲ್ಲಿ ದುರಸ್ತಾದವು. ಹಿಂದೂಸ್ಥಾನದಲ್ಲೆಲ್ಲ ಆಗ ಲಕ್ಷಕ್ಕೂ ಮೀರಿ ಅಮೆರಿಕನ್ ಸೈನಿಕರಿದ್ದರು. ಬೇಸ್‌ಬಾಲ್ ಅವರಿಗೆ ತಾಯಿಯ ಹಾಲಿನೊಡನೆ ಬಂದದ್ದು. ಆದರೂ ಬೆಂಗಳೂರಿನ ಯಾವ ಬೀದಿಯಲ್ಲಿ ಇಂದು ಹುಡುಗರು ನಾಲ್ಕು ಮೂಲೆ ಸುತ್ತುತ್ತಿದ್ದಾರೆ? ಆ ದಂಡು ವಿಮಾನ ದುರಸ್ತಿಗೆ ಬಂದಿತ್ತು, ದುರಸ್ತಿ ಮಾಡಿತು, ಹೊರಟುಹೋಯಿತು. ಊರಿನ ಹುಡುಗರಿಗೆ ಬಯಲು ಬಿಡಲಿಲ್ಲ, ಶಾಲೆಯೊಳಗೆ ಹೊಗಲಿಲ್ಲ, ಕಲಿಸುವವರನ್ನು ನಿಲ್ಲಿಸಿ ಹೋಗಲಿಲ್ಲ. ಬೀಜ ಬಿದ್ದರೂ ಬಂಡೆಯ ಮೇಲೆ ಬಿತ್ತು.

ಅದೇ ಬೆಂಗಳೂರಿನಲ್ಲಿ ಇನ್ನೊಂದು ದಂಡಿತ್ತು. ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಇಂಗ್ಲಿಷರು ೧೮೦೯ರಲ್ಲಿ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದು ಹೂಡಿದ ದಂಡು ಪ್ರದೇಶ ೧೯೪೭ರವರೆಗೂ ಮೈಸೂರಿನ ನಡುವೆಯೇ ಪರರಾಜ್ಯದಂತಿತ್ತು. ಅದು ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ನಿಂತ ದಂಡು. ಅದರ ಸುತ್ತ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನು ಬೆಳೆದವು. ದಂಡಿನವರಿಗೆ ಕವಾಯತಿಗೆಂದು ಬಯಲುಗಳಿದ್ದವು. ಕವಾಯತು ಮುಗಿದ ಮೇಲೆ ಬಯಲು ಬಯಲಾಗಿಯೇ ಇರುತ್ತಿತ್ತು. ಸೈನಿಕರು ಕಾಲ್ಚೆಂಡು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಬಡವರ ಮಕ್ಕಳು ಬರಿಗಾಲಿನಲ್ಲಿ ಆಡಿದರು. ಬೊಂಬಾಯಿಯ ರೋವರ್ಸ್ ಕಪ್ಪು ೧೮೯೧ರಿಂದ ಇಂಗ್ಲಿಷ್ ಪಲ್ಟನುಗಳ ಆಸ್ತಿಯಾಗಿತ್ತು. ೧೯೩೭ರಲ್ಲಿ ಅದನ್ನು ಅವರ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡ ಯಾವುದು? ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು. ಕಲ್ಕತ್ತೆಯಲ್ಲಿ ೧೯೧೧ರಲ್ಲಿ ಮೋಹನ್ ಬಗಾನಿನವರು ಈಸ್ಟ್ ಯಾರ್ಕ್‌ಶೈರ್ ಪಲ್ಟನನ್ನು ಸೋಲಿಸಿದಾಗ ಬಂಗಾಳವೆಲ್ಲ ಕುಣಿದದ್ದು ಏಕೆ? ದಂಡಿನ ಆಟದಲ್ಲಿಯೇ ದಂಡನ್ನು ಸೋಲಿಸಿದ್ದಕ್ಕೆ. ಹೀಗೆ ಗೆದ್ದವರನ್ನು ಗುಲಾಮರೆಂದು ಕರೆಯಲು ನಮ್ಮ ಮೊದಲನೆಯ ಪಕ್ಷದವರಿಗೆ ನಾಲಗೆ ಬಂದೀತೆ?

ಕೊಡಗಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಾಕಿ ಕೊಡವರಿಗೆ ಬಹುಪಾಲು ಸೈನ್ಯದಿಂದ ಬಂದದ್ದು. ಅದನ್ನು ಅವರೂ ಮುಚ್ಚಿಡುವುದಿಲ್ಲ. ಆದರೆ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ೬೦ ಕುಟುಂಬಗಳ ತಂಡಗಳನ್ನು ಸೇರಿಸಿ ಹಾಕಿ ಹಬ್ಬವನ್ನು ಆರಂಭಿಸಿದಾಗ ಆ ಆಟದ ಜಾತಕವೇ ಬದಲಾಯಿತು. ಪಲ್ಟನಿನ ಹೆಸರು ಹೋಗಿ ಮನೆತನದ ಹೆಸರು ಬಂದಿತು. ಅತ್ತೆ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಕೋಲು ಹಿಡಿದರು. ವರ್ಷಕ್ಕೊಂದು ಮನೆತನ ಹಬ್ಬದ ಹೊಣೆ ಹೊರುತ್ತದೆ. ೨೦೨೪ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಹಬ್ಬಕ್ಕೆ ೩೬೦ ಕುಟುಂಬಗಳ ತಂಡಗಳು ಬಂದವು. ಈ ಆಟವನ್ನು ಕೊಡವರದಲ್ಲ ಎನ್ನುವವರು ಮೈದಾನದ ಅಂಚಿನಲ್ಲಿ ನಿಂತು ಒಮ್ಮೆ ಹಾಗೆ ಹೇಳಿ ನೋಡಬೇಕು!

ಇದರಿಂದ ಸಿದ್ಧವಾಗುವುದೇನು? ಆಟವನ್ನು ದಂಡು ತಂದಿತೋ ವಿದ್ಯಾರ್ಥಿ ತಂದನೋ ಪಾದ್ರಿ ತಂದನೋ ಎಂಬುದು ಚರಿತ್ರೆಯ ಪ್ರಶ್ನೆ. ಅದು ಉಳಿಯಿತೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಉಳಿಯಬೇಕಾದರೆ ಮೂರು ಬೇಕು: ಆಡಲು ನೆಲ, ಕಲಿಸಲು ಒಬ್ಬ ಮನುಷ್ಯ, ಸಂಜೆ ಬಿಡುವಿರುವ ಮಕ್ಕಳು. ಈ ಮೂರೂ ಕೂಡಿದಲ್ಲಿ ಶತ್ರುವಿನ ಆಟವೂ ನಮ್ಮದಾಗುತ್ತದೆ. ಕೂಡದಿದ್ದಲ್ಲಿ ಅಜ್ಜನ ಆಟವೂ ಪರರದಾಗುತ್ತದೆ.

ಈಗ ನಮ್ಮ ಮೂರು ಊರುಗಳಿಗೆ ಬರೋಣ. ಹಿಂದೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆಯೆಂದು ಹೆಸರಿತ್ತು. ಆದರೆ ಬೆಂಗಳೂರಿನಂತೆ ಇಲ್ಲಿ ಬಿಳಿಯರ ದಂಡು ನೆಲೆಸಲಿಲ್ಲ. ಈ ಕಡೆಯ ಊರುಗಳಿಗೆ ಹೊಸ ಆಟಗಳು ಬಂದದ್ದು ರೈಲಿನಲ್ಲಿ ಮತ್ತು ಡ್ರಿಲ್ ಮಾಸ್ತರರ ಚೀಲದಲ್ಲಿ. ಮದ್ರಾಸಿನಲ್ಲಿ ಎಚ್. ಸಿ. ಬಕ್ ಎಂಬ ಅಮೆರಿಕದ ಮಹನೀಯರು ೧೯೨೦ರಲ್ಲಿ ತೆರೆದ ವೈ.ಎಂ.ಸಿ.ಎ. ವ್ಯಾಯಾಮ ವಿದ್ಯಾಲಯದಲ್ಲಿ ಕಲಿತವರು ದಕ್ಷಿಣ ದೇಶದ ಶಾಲೆಗಳಲ್ಲೆಲ್ಲ ಹರಡಿದರು. ವಾಲಿಬಾಲಿನ ಬಲೆಯನ್ನು ನಮ್ಮ ಹಳ್ಳಿಗಳಲ್ಲಿ ಕಟ್ಟಿದ್ದು ಯಾವ ಸೈನ್ಯವೂ ಅಲ್ಲ. ಶಿಳ್ಳೆ ಊದುವ, ಬಿಳಿಯ ಷರಾಯಿಯ ಒಬ್ಬ ಬಡ ಮಾಸ್ತರು. ತಂಜಾವೂರಿನ ಕಡೆಯಿಂದ ಬಂದದ್ದೆಂದು ಹೇಳುವ ಬಾಲ್ ಬ್ಯಾಡ್ಮಿಂಟನ್ನು ತಾಲ್ಲೂಕು ಊರುಗಳ ಗುಮಾಸ್ತರ, ಉಪಾಧ್ಯಾಯರ ಸಂಜೆಗಳನ್ನು ತುಂಬಿದ್ದೂ ಬಂದೂಕಿನ ಬಲದಿಂದಲ್ಲ.

ಹಾಗಾದರೆ ಈ ನಾಡಿಗೂ ದಂಡಿಗೂ ಸಂಬಂಧವೇ ಇಲ್ಲವೆ? ಇದೆ, ಮತ್ತು ನಮ್ಮ ಮೊದಲನೆಯ ಪಕ್ಷದವರು ಅದನ್ನು ಕೇಳಿ ಸ್ವಲ್ಪ ಕುಳಿತುಕೊಳ್ಳುವುದು ಒಳ್ಳೆಯದು. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ಹುಲ್ಲುಗಾವಲುಗಳು ಶತಮಾನಗಳ ಕಾಲ ಸೈನ್ಯದ ನೆಲೆಗಳೇ ಆಗಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಹೈದರಾಲಿ ಅದನ್ನು ಫಿರಂಗಿ ಎಳೆಯುವ ಎತ್ತುಗಳ ಇಲಾಖೆಯಾಗಿ ಬೆಳೆಸಿದನು. ಟಿಪ್ಪೂ ಸುಲ್ತಾನನು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು ಕಟ್ಟುಕಟ್ಟಳೆ ಮಾಡಿದನು. ಈ ಎತ್ತುಗಳ ಬಲದಿಂದಲೇ ಹೈದರನು ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆದು ಚಿದಂಬರವನ್ನು ಸೇರಿದನೆಂದು ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಖಜಾನೆಯಂತೆಯೇ ಈ ದನಗಳನ್ನೂ ವಶಪಡಿಸಿಕೊಂಡರು. ೧೮೬೦ರಲ್ಲಿ ಖರ್ಚು ಉಳಿಸುವ ಹುಚ್ಚಿನಲ್ಲಿ ಮದ್ರಾಸಿನ ಗವರ್ನರ್ ಟ್ರೆವೆಲಿಯನ್ನನು ಮಂದೆಗಳನ್ನು ಮಾರಿಸಿದ; ಎತ್ತಿಲ್ಲದೆ ತೊಂದರೆಯಾದಾಗ ೧೮೬೬ರಲ್ಲಿ ಮತ್ತೆ ಕಟ್ಟಬೇಕಾಯಿತು; ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂದಿತು. ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನ ಕೇಂದ್ರ ಆ ಪರಂಪರೆಯ ಕುಡಿ.

ಈಗ ಹೇಳಿ: ಈ ಮಣ್ಣಿನದೇ ಎಂದು ನೀವು ಎದೆ ತಟ್ಟಿಕೊಳ್ಳುವ ಜೋಡೆತ್ತಿನ ಗಾಡಿಯ ಓಟದಲ್ಲಿ ಓಡುವ ಆ ಉದ್ದ ಕೊಂಬಿನ, ಬಿಗಿ ಮೈಯ, ಕಣ್ಣಲ್ಲಿ ಕಿಡಿಯಿರುವ ಎತ್ತಿಗೆ ಆ ವೇಗ ಎಲ್ಲಿಂದ ಬಂತು? ಹಾಲಿಗಾಗಿ ಅದನ್ನು ಸಾಕಲಿಲ್ಲ. ಬರಿಯ ನೇಗಿಲಿಗಾಗಿಯೂ ಅಲ್ಲ. ಫಿರಂಗಿಯನ್ನು ಶತ್ರುವಿಗಿಂತ ಮೊದಲು ಬೆಟ್ಟ ಹತ್ತಿಸುವುದಕ್ಕಾಗಿ, ತಲೆಮಾರು ತಲೆಮಾರಾಗಿ, ದಂಡಿನವರು ಆರಿಸಿ ಬೆಳೆಸಿದ ವೇಗ ಅದು. ದಂಡಿನ ಸಂಪರ್ಕವೇ ಮೈಲಿಗೆಯಾದರೆ ನಿಮ್ಮ ಎತ್ತಿಗೂ ಅದೇ ಮೈಲಿಗೆ. ಆ ಓಟವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಓಟಗಳನ್ನು ತಡೆಯಿತು. ೨೦೧೭ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿತು. ೨೦೨೩ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೂಕ ಪ್ರಾಣಿಗೆ ಹಿಂಸೆಯಾಗದಂತೆ, ಕಟ್ಟಳೆಯೊಳಗೆ ನಡೆದರೆ ನಡೆಯಲಿ. ನಾನು ಕೇಳುವುದು ಇಷ್ಟೆ: ದಂಡಿನ ಎತ್ತು ರೈತನ ಹಟ್ಟಿಯಲ್ಲಿ ಮೇವು ತಿಂದು, ಅವನ ಮಗನ ಬಾಯಲ್ಲಿ ಒಂದು ಮುದ್ದಿನ ಹೆಸರು ಪಡೆದು ನಮ್ಮದಾಗಬಹುದಾದರೆ, ದಂಡಿನ ಚೆಂಡು ನಮ್ಮ ಹುಡುಗನ ಕೈಯಲ್ಲಿ ಸವೆದು ನಮ್ಮದಾಗಬಾರದೇಕೆ?

ಎರಡನೆಯ ಪಕ್ಷದವರು ಇಷ್ಟು ಹೊತ್ತು ನಗುತ್ತಿದ್ದಾರೆ. ಅವರ ಸರದಿ ಈಗ. ಗುಣವಿದ್ದ ಆಟ ತಾನಾಗಿ ಗೆಲ್ಲುತ್ತದೆ ಎನ್ನುವಿರಲ್ಲ, ಮಣಿಪುರದ ಕುದುರೆಚೆಂಡಾಟ ಲೋಕಕ್ಕೆ ಹೇಗೆ ಹರಡಿತು? ಗುಣ ಅದಕ್ಕೆ ಶತಮಾನಗಳಿಂದ ಇತ್ತು. ಮಣಿಪುರದ ಗುಡ್ಡ ದಾಟಲಿಲ್ಲ. ೧೮೫೯ರಲ್ಲಿ ಸಿಲ್ಚಾರಿನಲ್ಲಿ ಇಂಗ್ಲಿಷ್ ಅಧಿಕಾರಿಗಳು ಅದಕ್ಕೊಂದು ಕ್ಲಬ್ಬು ಕಟ್ಟಿ, ಸೈನ್ಯದ ಕುದುರೆಗಳ ಬೆನ್ನ ಮೇಲೆ ಕೂರಿಸಿದ ಮೇಲೆ ಹತ್ತೇ ವರ್ಷಗಳಲ್ಲಿ ಅದು ಪೋಲೋ ಎಂದು ಇಂಗ್ಲೆಂಡನ್ನು ಸೇರಿತು. ಗುಣ ಮೊದಲೂ ಅದೇ, ಆಮೇಲೂ ಅದೇ. ಬದಲಾದದ್ದು ಹೊತ್ತವನ ಬಲ. ಬೇಸ್‌ಬಾಲಿಗೆ ಗುಣವಿಲ್ಲವೆ? ಜಪಾನಿನವರನ್ನು ಕೇಳಿ. ಆದರೂ ಬೆಂಗಳೂರಿನಲ್ಲಿ ಅದು ನಿಲ್ಲಲಿಲ್ಲ. ಚಿನ್ನಿದಾಂಡಿಗೆ ಗುಣವಿಲ್ಲವೆ? ಕೈಕಣ್ಣುಗಳ ಅಷ್ಟು ಸೂಕ್ಷ್ಮವಾದ ಹೊಂದಾಣಿಕೆ ಬೇಕಾದ ಆಟ ಅದು. ಆದರೆ ಅದಕ್ಕೆ ಪಂದ್ಯಾವಳಿಯಿಲ್ಲ, ಬಹುಮಾನವಿಲ್ಲ, ಮಾಸ್ತರಿಲ್ಲ, ಅಂಕಪಟ್ಟಿಯಲ್ಲಿ ಜಾಗವಿಲ್ಲ. ಬಲವಿಲ್ಲದ್ದಕ್ಕೆ ಗುಣವಿಲ್ಲವೆಂದು ಹೆಸರಿಡುವುದು ಬಡವನಿಗೆ ಬುದ್ಧಿಯಿಲ್ಲವೆಂದು ಹೇಳಿದಂತೆ.

ಇನ್ನೂ ಒಂದು ಮಾತಿದೆ. ಹಳೆಯ ದಂಡು ಹೋದ ಮೇಲೆ ಹೊಸ ದಂಡೊಂದು ಬಂದಿದೆ. ಅದಕ್ಕೆ ಬಂದೂಕಿಲ್ಲ, ಪರದೆಯಿದೆ. ೨೦೦೮ರಲ್ಲಿ ಆರಂಭವಾದ ಐ.ಪಿ.ಎಲ್. ಪಂದ್ಯಗಳು ಬೇಸಿಗೆಯ ಸಂಜೆಗಳನ್ನೆಲ್ಲ ಹಿಡಿದುಕೊಂಡಿವೆ. ಅದೇ ವರ್ಷ ಅಮೆರಿಕದವರು ನಮ್ಮ ದೇಶದಲ್ಲಿ ದೂರದರ್ಶನದ ಸ್ಪರ್ಧೆಯೊಂದನ್ನು ನಡೆಸಿ, ವೇಗವಾಗಿ ಚೆಂಡೆಸೆಯುವವರನ್ನು ಹುಡುಕಿದರು. ಉತ್ತರಪ್ರದೇಶದ ಇಬ್ಬರು ಯುವಕರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಭರ್ಜಿ ಎಸೆತದಲ್ಲಿ ಪಳಗಿದವರು, ಬೇಸ್‌ಬಾಲನ್ನೇ ಕಾಣದವರು, ಆಯ್ಕೆಯಾಗಿ ಪಿಟ್ಸ್‌ಬರ್ಗಿನ ತಂಡವನ್ನು ಸೇರಿದರು. ಆ ಯುವಕರಿಗೆ ಒಳ್ಳೆಯದೇ ಆಯಿತು; ಸಂತೋಷ. ಆದರೆ ಅವರನ್ನು ಆರಿಸಿಕೊಂಡು ಹೋದವರು ಹಿಂದೆ ಬಿಟ್ಟುಹೋದದ್ದೇನು? ಒಂದು ಸಿನಿಮಾ. ಹಳೆಯ ದಂಡು ಎಷ್ಟೇ ದುರಹಂಕಾರಿಯಾಗಿದ್ದರೂ ಹೋಗುವಾಗ ಒಂದು ಕವಾಯತು ಬಯಲನ್ನಾದರೂ ಬಿಟ್ಟುಹೋಯಿತು. ಪರದೆಯ ದಂಡು ನೆಲವನ್ನು ಬಿಡುವುದಿಲ್ಲ, ನೋಡುವ ಕಣ್ಣುಗಳನ್ನು ಮಾತ್ರ ಕಲೆಹಾಕುತ್ತದೆ. ಬೇಲಿಯಾಚೆ ನಿಂತು ನೋಡಿದ ಹಲಸೂರಿನ ಹುಡುಗ ಮರುದಿನ ಆಡಿದ. ಪರದೆಯ ಮುಂದೆ ಕುಳಿತು ನೋಡಿದ ತರೀಕೆರೆಯ ಹುಡುಗ ಮರುದಿನವೂ ಕುಳಿತು ನೋಡಬೇಕು, ಏಕೆಂದರೆ ಎದ್ದು ಹೋಗಲು ಜಾಗವಿಲ್ಲ.

ನೆಲದ ಬೆಲೆ ಎಂಥದೆಂಬುದನ್ನು ಓಕಿನಾವದ ಹುಡುಗರಿಂದ ಕಲಿಯಬೇಕು. ಯುದ್ಧದ ತರುವಾಯ ೧೯೭೨ರವರೆಗೆ ಆ ದ್ವೀಪ ಅಮೆರಿಕದ ಸೈನ್ಯದ ಕೈಯಲ್ಲಿತ್ತು. ೧೯೫೮ರಲ್ಲಿ ಅಲ್ಲಿನ ಶುರಿ ಪ್ರೌಢಶಾಲೆಯ ತಂಡ ಜಪಾನಿನ ಕೋಶಿಯೆನ್ ಮೈದಾನದಲ್ಲಿ ನಡೆಯುವ ಶಾಲಾ ಬೇಸ್‌ಬಾಲ್ ಪಂದ್ಯಕ್ಕೆ ಹೋಯಿತು. ಸೋತ ಹುಡುಗರು ಆ ಮೈದಾನದ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಬರುವುದು ಅಲ್ಲಿನ ಪದ್ಧತಿ. ಇವರೂ ತಂದರು. ಆದರೆ ನಾಹಾ ಬಂದರಿನಲ್ಲಿ ಅಧಿಕಾರಿಗಳು, ಇದು ಹೊರದೇಶದ ಮಣ್ಣು, ಒಳಗೆ ಬರಕೂಡದೆಂದು ಅದನ್ನು ಕಡಲಿಗೆ ಸುರಿಸಿದರು. ಸುದ್ದಿ ತಿಳಿದ ವಿಮಾನ ಪರಿಚಾರಿಕೆಯೊಬ್ಬಳು ಮಣ್ಣಲ್ಲದ ಕಾರಣ ಕಟ್ಟಳೆ ತಡೆಯದೆಂದು ಅದೇ ಮೈದಾನದ ಪುಟ್ಟ ಕಲ್ಲುಗಳನ್ನು ಆಯ್ದು ಕಳುಹಿಸಿದಳು. ಅವು ಇಂದೂ ಆ ಶಾಲೆಯ ಅಂಗಳದಲ್ಲಿವೆ. ಆಟ ಅಮೆರಿಕದ್ದೋ ಜಪಾನಿನದೋ ಎಂದು ಆ ಹುಡುಗರು ಕೇಳಲಿಲ್ಲ. ಒಂದು ಹಿಡಿ ಮಣ್ಣನ್ನು ಬಯಸಿದರು.

ನಾವು ನಮ್ಮ ಮಣ್ಣನ್ನು ಯಾರೂ ಕಸಿಯದೆಯೇ ಕೈಯಾರೆ ಕೊಡುತ್ತಿದ್ದೇವೆ. ಸರ್ಕಾರಿ ಶಾಲೆಯ ಮೈದಾನವೆಂದರೆ ಊರಿನ ಎಲ್ಲ ಇಲಾಖೆಗಳಿಗೂ ಖಾಲಿ ನಿವೇಶನವಾಗಿ ಕಾಣುತ್ತದೆ. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದು ಮೂಲೆಯಲ್ಲಿ ಹಾಸ್ಟೆಲು, ರಸ್ತೆಯ ಕಡೆ ಮಳಿಗೆಗಳು, ನಡುವೆ ವರ್ಷಕ್ಕೆ ನಾಲ್ಕು ಸಲ ಶಾಮಿಯಾನ, ಆ ಶಾಮಿಯಾನದ ಗೂಟ ಕಿತ್ತ ಗುಂಡಿಗಳು. ಹೊಸದಾಗಿ ತಾಲ್ಲೂಕಾದ ಅಜ್ಜಂಪುರದಂಥ ಊರಿಗೆ ಕಚೇರಿಗಳು ಬೇಕು, ಜಾಗ ಬೇಕು, ಸರಿಯೇ. ಆದರೆ ಮಕ್ಕಳಿಗೆ ಓಟಿಲ್ಲವೆಂಬ ಒಂದೇ ಕಾರಣಕ್ಕೆ ಅವರ ಜಾಗವನ್ನೇ ಮೊದಲು ಅಳೆಯಬೇಕೆ? ೧೯೮೫ರಲ್ಲಿಯೇ ನಮ್ಮ ರಾಜ್ಯ ಉದ್ಯಾನ, ಆಟದ ಮೈದಾನ, ಬಯಲುಗಳ ಸಂರಕ್ಷಣೆಗೆಂದು ಕಾನೂನು ಮಾಡಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾನೂನು ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಮೈದಾನವನ್ನು ಹೆಸರಿಸಿದೆ. ಕಾನೂನು ಕಪಾಟಿನಲ್ಲಿ ಭದ್ರವಾಗಿದೆ. ಮೈದಾನ ಮಾತ್ರ ಬಯಲಲ್ಲಿದೆ, ಕಾಯುವವರಿಲ್ಲ.

ಕಾಯಲು ಬಾರದ ಜನವೇ ನಾವು? ಅಮೃತ ಮಹಲಿನ ಕಾವಲುಗಳನ್ನು ಹೇಗೆ ಕಾದರೆಂದು ನೋಡಿ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಯಾವ ಮಂದೆ ಎಂದು ಎಲ್ಲಿ ಮೇಯಬೇಕೆಂದು ಗೊತ್ತುಮಾಡಿ, ಕಾವಲುಗಾರರನ್ನು ನೇಮಿಸಿ, ದೊರೆಗಳು ಬದಲಾದರೂ ಹುಲ್ಲನ್ನು ಬಿಡಲಿಲ್ಲ. ಒಡೆಯರು, ನವಾಬರು, ಕುಂಪಣಿಯವರು, ಎಲ್ಲರೂ ಕಾದರು. ಏಕೆಂದರೆ ಹುಲ್ಲು ಹೋದರೆ ಎತ್ತು ಹೋಗುತ್ತದೆ, ಎತ್ತು ಹೋದರೆ ಫಿರಂಗಿ ನಿಲ್ಲುತ್ತದೆ ಎಂಬ ಲೆಕ್ಕ ಅವರಿಗೆ ತಿಳಿದಿತ್ತು. ಕಾವಲುಗಳನ್ನು ಆಟದ ಮೈದಾನ ಮಾಡಿರೆಂದು ನನ್ನ ಮಾತನ್ನು ಯಾರೂ ತಿರುಚದಿರಲಿ. ಉಳಿದಿರುವ ಕಾವಲು ಹುಲ್ಲಿಗೂ ದನಕ್ಕೂ ಕೃಷ್ಣಮೃಗಕ್ಕೂ ಸೇರಿದ್ದು. ಕಡೂರಿನ ಕಡೆಯ ಬಾಸೂರು ಕಾವಲನ್ನು ೨೦೧೧ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಸಾರಿದ್ದು ಒಳ್ಳೆಯ ಕೆಲಸವೇ. ನಾನು ಕೇಳುವುದು ಬೇರೆ: ಫಿರಂಗಿಯ ಎತ್ತಿಗಾಗಿ ಸಾವಿರಾರು ಎಕರೆಯನ್ನು ಋತುಮಾನ ಗೊತ್ತುಮಾಡಿ ಕಾಯಬಲ್ಲ ಆಡಳಿತ, ಮಗುವಿಗಾಗಿ ಎರಡು ಎಕರೆಯನ್ನು ಕಾಯಲಾರದೆ?

ಆಟದಿಂದ ಅನ್ನ ಹುಟ್ಟೀತೇ ಎಂದು ಕೇಳುವವರು ಇದ್ದಾರೆ. ಹುಡುಗನಿಗಾದರೆ ಹೇಗೋ ನಡೆದೀತು. ಮೈದಾನ ಹೋದರೆ ಕೊಯ್ಲಾದ ಹೊಲವಿದೆ, ಬತ್ತಿದ ಕೆರೆಯಂಗಳವಿದೆ, ರೈಲುಹಳಿಯ ಪಕ್ಕದ ಬಯಲಿದೆ, ಅವನು ಹುಡುಕಿಕೊಳ್ಳುತ್ತಾನೆ. ಹುಡುಗಿ ಎಲ್ಲಿಗೆ ಹೋಗಬೇಕು? ಅವಳಿಗೆ ಊರಿನಲ್ಲಿ ಲಂಗ ಎತ್ತಿ ಕಟ್ಟಿ ಓಡಲು ಸಿಕ್ಕುವ ನೆಲವೆಂದರೆ ಶಾಲೆಯ ಬೇಲಿಯೊಳಗಿನ ನೆಲ ಮಾತ್ರ. ಖೋ ಖೋ, ಥ್ರೋಬಾಲ್, ವಾಲಿಬಾಲ್, ಅವಳ ಆಟವೆಲ್ಲ ಶಾಲೆಯ ಮೈದಾನದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಆ ಮೈದಾನದಲ್ಲಿ ಒಂದು ಮಳಿಗೆ ಎದ್ದರೆ ಹುಡುಗನ ಆಟ ಜಾಗ ಬದಲಿಸುತ್ತದೆ. ಹುಡುಗಿಯ ಆಟ ನಿಂತೇ ಹೋಗುತ್ತದೆ. ದಂಡಿನ ಆಟಗಳು ಗಂಡಸರ ಆಟಗಳಾಗಿ ಬಂದವು. ಅವನ್ನು ಹೆಣ್ಣುಮಕ್ಕಳ ಕೈಗೂ ಕೊಟ್ಟದ್ದು ಶಾಲೆ. ಆ ಬಾಗಿಲನ್ನು ಮುಚ್ಚುವವರು ಬಾಡಿಗೆಯ ಲೆಕ್ಕ ಹೇಳುವ ಮೊದಲು ಈ ಲೆಕ್ಕವನ್ನೂ ಹೇಳಬೇಕು.

ಆದ್ದರಿಂದ ಎರಡೂ ಪಕ್ಷದ ಮಹನೀಯರಲ್ಲಿ ನನ್ನದೊಂದು ಬಿನ್ನಹ. ಆಟದ ಕುಲಗೋತ್ರಗಳನ್ನು ಸ್ವಲ್ಪ ಕಾಲ ಬದಿಗಿಡಿ. ನಿಮ್ಮ ಊರಿನ ಶಾಲೆಯ ಮೈದಾನ ಪಹಣಿಯಲ್ಲಿ ಯಾರ ಹೆಸರಿನಲ್ಲಿದೆ, ಎಷ್ಟು ಗುಂಟೆ ಇ‌ದೆ, ಎಲ್ಲೆಕಲ್ಲು ಎಲ್ಲಿದೆ ಎಂದು ತಾಲ್ಲೂಕು ಕಚೇರಿಗೆ ಹೋಗಿ ನೋಡಿ. ಇಲ್ಲದಿದ್ದರೆ ಆಟದ ಮೈದಾನವೆಂದು ಬರೆಯಿಸಿ. ಅದರ ಮೇಲೆ ಯಾವ ಕಟ್ಟಡದ ನೀಲಿನಕ್ಷೆ ಬಂದರೂ, ಅದು ಎಷ್ಟೇ ಪುಣ್ಯದ ಕೆಲಸಕ್ಕಾದರೂ, ಗ್ರಾಮಸಭೆಯಲ್ಲೋ ಪುರಸಭೆಯಲ್ಲೋ ಎದ್ದು ನಿಂತು ಬೇಡವೆನ್ನಿ. ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದರೆ ತುಂಬಿರೆಂದು ಕೇಳಿ. ಶಾಲೆ ಬಿಟ್ಟ ಮೇಲೆ ಗೇಟಿಗೆ ಬೀಗ ಹಾಕದಿರಲು ಒತ್ತಾಯಿಸಿ. ಒಂದೇ ಆಟದವರು ಮೈದಾನವನ್ನೆಲ್ಲ ಹಿಡಿದುಕೊಂಡಿದ್ದರೆ ವಾರದಲ್ಲಿ ಎರಡು ಸಂಜೆ ಹೆಣ್ಣುಮಕ್ಕಳಿಗೂ, ಒಂದು ಸಂಜೆ ಚಿನ್ನಿದಾಂಡು ಲಗೋರಿಗಳಿಗೂ ಬಿಡಿಸಿ. ದೇಶಾಭಿಮಾನದ ಪಕ್ಷಕ್ಕೂ ಇದರಲ್ಲಿ ಕೆಲಸವಿದೆ, ಲೋಕಾಭಿಮಾನದ ಪಕ್ಷಕ್ಕೂ ಇದೆ.

ಇಷ್ಟು ಮಾಡಿದ ಮೇಲೆ ಮಕ್ಕಳು ಯಾವ ಆಟ ಆಡುತ್ತಾರೆಂಬುದನ್ನು ಅವರಿಗೇ ಬಿಡೋಣ. ಕ್ರಿಕೆಟ್ಟಾಡಲಿ, ಕಬಡ್ಡಿಯಾಡಲಿ, ಬೇಕಿದ್ದರೆ ನಾಲ್ಕು ಮೂಲೆ ಸುತ್ತಿ ಬೇಸ್‌ಬಾಲನ್ನೇ ಆಡಲಿ. ಬಯಲಿದ್ದರೆ ನಾವು ಜಗಳವಾಡುತ್ತಿರುವ ಪ್ರಶ್ನೆಗೆ ಅವರೇ ಉತ್ತರ ಕೊಟ್ಟುಕೊಳ್ಳುತ್ತಾರೆ. ಬಯಲಿಲ್ಲದಿದ್ದರೆ ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಅಜ್ಜಂಪುರದಲ್ಲಾಗಲಿ ಆ ಪ್ರಶ್ನೆಯನ್ನು ಕೇಳುವ ಅಧಿಕಾರವೂ ನಮಗೆ ಉಳಿಯುವುದಿಲ್ಲ.